ನೆಕ್ಕುವಷ್ಟೇ ಮದ್ದು

ಆಗುಂಬೆ ಘಾಟಿಯಲ್ಲಿ 14 ತಿರುವುಗಳು. ಮಿನಿ ಬಸ್ಸಿನಲ್ಲಿ ಕೂತವರಿಗೆ ಮೊದಲ ಮೂರರಲ್ಲಿ ಕಾಡು ಚೆಂದ ಕಾಣುತ್ತದೆ, ನಾಲ್ಕನೆಯದಕ್ಕೆ ಮಾತು ನಿಲ್ಲುತ್ತದೆ, ಆರನೆಯದು ಮುಗಿಯುವಷ್ಟರಲ್ಲಿ ಹಿಂದಿನಿಂದ ಯಾರೋ “ಕಂಡಕ್ಟ್ರೇ, ಒಂದು ಕವರ್ ಇದ್ಯಾ?” ಅನ್ನುತ್ತಾರೆ. ಕೂಡಲೇ ಬಸ್ಸಿಗೆ ಬಸ್ಸೇ ವೈದ್ಯಶಾಲೆ. ಒಬ್ಬರ ಬ್ಯಾಗಿನಿಂದ ನಿಂಬೆಹಣ್ಣು, ಇನ್ನೊಬ್ಬರ ಸೆರಗಿನ ಗಂಟಿನಿಂದ ಏಲಕ್ಕಿ, ಕಿಟಕಿ ಪಕ್ಕದ ಅಜ್ಜಿಯ ಸಂಚಿಯಿಂದ ಒಣಶುಂಠಿ ಹೊರಬರುತ್ತವೆ. “ಪೇಪರ್ ಹಾಸಿ ಅದರ ಮೇಲೆ ಕೂತ್ಕೊಳಮ್ಮ” ಎಂಬ ಸಲಹೆ ಪುಕ್ಕಟೆ. ಇಷ್ಟು ಮದ್ದುಗಳಲ್ಲಿ ಒಂದೂ ಅಂಥ ಕೆಟ್ಟದ್ದಲ್ಲ. ಕೊಡುವ ಹೊತ್ತು ಮಾತ್ರ ಮೀರಿಹೋಗಿರುತ್ತದೆ.

ಹೊಟ್ಟೆ ತೊಳೆಸುವುದಕ್ಕೆ ಏನು ಮದ್ದು ಎಂದು ಕೇಳಿದರೆ ಹತ್ತು ವರ್ಷದ ಮಗುವೂ ನಾಲ್ಕು ಹೆಸರು ಹೇಳೀತು. ಎಷ್ಟು, ಯಾವಾಗ ಎಂಬಲ್ಲಿ ದೊಡ್ಡವರೂ ಎಡವುತ್ತಾರೆ. ವಾಕರಿಕೆ ಏರತೊಡಗಿದಾಗ ಜಠರ ತನ್ನ ಕೆಲಸವನ್ನು ನಿಧಾನ ಮಾಡಿ, ಒಳಗಿರುವುದನ್ನು ಕೆಳಕ್ಕೆ, ಅಂದರೆ ಕರುಳಿಗೆ, ಕಳಿಸುವುದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ಆಗ ಒಂದು ಲೋಟ ನಿಂಬೆ ಶರಬತ್ತು ಹೊಯ್ದರೆ ಅದು ಕೆಳಗೆ ಹೋಗುವಂತಿಲ್ಲ, ಮೇಲೆ ಬರಬೇಕಷ್ಟೆ. ಹಿಂದಿನವರಿಗೆ ಜಠರದ ಈ ಹರತಾಳದ ವಿವರ ಗೊತ್ತಿತ್ತೋ ಇಲ್ಲವೋ, ಅವರು ಬಿಟ್ಟುಹೋದ ಮದ್ದುಗಳನ್ನು ಸಾಲಾಗಿ ಇಟ್ಟು ನೋಡಿ: ಮೂಸುವುದು, ನೆಕ್ಕುವುದು, ಚೀಪುವುದು, ದವಡೆಯಲ್ಲಿ ಇಟ್ಟುಕೊಳ್ಳುವುದು. ಗಟಗಟ ಕುಡಿಯುವುದು ಅದರಲ್ಲಿ ಬಹಳ ಕಡಿಮೆ.

ಸಂಕಟ ಮೊದಲೇ ಸುಳಿವು ಕೊಟ್ಟು ಬರುತ್ತದೆ. ನಿದ್ದೆ ಕೆಟ್ಟಿರದಿದ್ದರೂ ಮೇಲಿಂದ ಮೇಲೆ ಆಕಳಿಕೆ, ಮಾತಿನಲ್ಲಿ ನಿರಾಸಕ್ತಿ, ಹಣೆಯಲ್ಲಿ ತಣ್ಣನೆಯ ಬೆವರು, ಬಿಳಿಚಿಕೊಂಡ ತುಟಿ, ಕೊನೆಗೆ ಬಾಯಿ ತುಂಬ ನೀರು. ಬಾಯಲ್ಲಿ ನೀರೂರಿತೆಂದರೆ ದೇಹ ಹಲ್ಲುಗಳನ್ನು ಜಠರದ ಆಮ್ಲದಿಂದ ಕಾಪಾಡಲು ತಯಾರಿ ನಡೆಸಿದೆ ಎಂದು ಅರ್ಥ. ಅಲ್ಲಿಗೆ ಶುಂಠಿ, ಏಲಕ್ಕಿಗಳ ಅಧಿಕಾರ ಮುಗಿದು ಕವರಿನದು ಶುರುವಾಗುತ್ತದೆ. ಮದ್ದು ಆಕಳಿಕೆಯ ಹೊತ್ತಿಗೆ ಬಾಯಲ್ಲಿರಬೇಕು. ಬಸ್ಸಿನ ವಾಂತಿಗಾದರೆ ಅದಕ್ಕೂ ಮೊದಲೇ, ಘಾಟಿಗೆ ಅರ್ಧ ಗಂಟೆ ಇರುವಾಗಲೇ.

ಬಸ್ಸಿನಲ್ಲಿ ತಪ್ಪು ಹೊಟ್ಟೆಯದಲ್ಲ, ಕಿವಿಯದೂ ಅಲ್ಲ, ಇಬ್ಬರು ಪ್ರಾಮಾಣಿಕ ಸಾಕ್ಷಿಗಳ ನಡುವಿನ ಭಿನ್ನಮತ ಅದು. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಳಿಗೆಗಳಿವೆ. ಬಸ್ಸು ತಿರುಗಿದಂತೆಲ್ಲ ‘ತಿರುಗಿದೆವು’ ಎಂದು ಅವು ವರದಿ ಕೊಡುತ್ತವೆ. ಮೊಬೈಲ್ ನೋಡುತ್ತಿರುವ ಕಣ್ಣಾದರೋ ‘ಎಲ್ಲ ಇದ್ದಲ್ಲೇ ಇದೆ’ ಅನ್ನುತ್ತದೆ. ಮಿದುಳಿಗೆ ಈ ಜಗಳ ಬಗೆಹರಿಯದೆ ಶಿಕ್ಷೆ ಹೊಟ್ಟೆಗೆ ಬೀಳುತ್ತದೆ. ಡ್ರೈವರಿಗೆ ವಾಂತಿ ಬಾರದಿರುವುದು ಇದಕ್ಕೇ. ಮುಂದಿನ ತಿರುವು ಅವರ ಕಣ್ಣಿಗೂ ಕೈಗೂ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಖರ್ಚಿಲ್ಲದ ಮೊದಲ ಮದ್ದು ಸೀಟು: ಮುಂದಿನ ಗಾಜಿನಾಚೆ ರಸ್ತೆ ಕಾಣುವ ಜಾಗ, ಸಿಗದಿದ್ದರೆ ಎರಡು ಗಾಲಿಗಳ ನಡುವಿನ ಸಾಲು. ಹಿಂದಿನ ಗಾಲಿಯ ಮೇಲೂ ಅದರ ಹಿಂದೆಯೂ ಕುಲುಕು ಹೆಚ್ಚು. ತಲೆಯನ್ನು ಸೀಟಿಗೆ ಒರಗಿಸಿ ಅಲ್ಲಾಡದಂತೆ ಇಟ್ಟು, ಹತ್ತಿರ ಸರಿದೋಡುವ ಮರಗಳನ್ನು ಬಿಟ್ಟು ದೂರದ ಗುಡ್ಡದ ಅಂಚನ್ನು ನೋಡಬೇಕು. ಮಂಜು ಮುಚ್ಚಿ ಗುಡ್ಡವೇ ಕಾಣದಿದ್ದರೆ ಕಣ್ಣು ಮುಚ್ಚುವುದು ಲೇಸು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರನ್ನು ಮನೆಗೆ ಕಳಿಸಿದ ಹಾಗೆ.

ಪೇಪರ್ ಹಾಸಿ ಕೂರುವ ವಿದ್ಯೆಗೆ ಶಾಸ್ತ್ರದ ಆಧಾರವಿಲ್ಲ. ಆದರೂ ನಗುವ ಹಾಗಿಲ್ಲ. ಬಸ್ಸಿನಲ್ಲಿ ಪೇಪರ್ ಓದುವುದರಷ್ಟು ಬೇಗ ಹೊಟ್ಟೆ ತೊಳೆಸುವ ಕೆಲಸ ಇನ್ನೊಂದಿಲ್ಲ, ಮೇಲೆ ಕೂತವರು ಅದನ್ನು ಓದಲಾರರು.

ನಿಂಬೆಹಣ್ಣಿನ ವಿಷಯಕ್ಕೆ ಬಂದರೆ, ಅದರ ಕೆಲಸವೆಲ್ಲ ಸಿಪ್ಪೆಯಲ್ಲಿದೆ. ಹಳದಿ ಸಿಪ್ಪೆಯ ಚುಕ್ಕೆಗಳೊಳಗಿನ ಎಣ್ಣೆ ಒಡೆದರೆ ಮಾತ್ರ ಪರಿಮಳ. ಅನೇಕರು ಇಡೀ ಹಣ್ಣನ್ನು ಮೂಗಿಗೆ ಒತ್ತಿ ಹಿಡಿದು ‘ಏನೂ ಆಗ್ಲಿಲ್ಲ’ ಅನ್ನುತ್ತಾರೆ. ಉಗುರಿನಿಂದ ಗೀರಬೇಕು, ಐದು ನಿಮಿಷಕ್ಕೊಮ್ಮೆ ಹೊಸ ಜಾಗದಲ್ಲಿ ಗೀರಬೇಕು, ಮೂಗಿನಿಂದ ನಿಧಾನವಾಗಿ ಎಳೆದು ಬಾಯಿಂದ ಬಿಡಬೇಕು. ಹಿಂದಿನ ದಿನ ಫ್ರಿಜ್ಜಿನಲ್ಲಿ ಒಣಗಿ ಗಟ್ಟಿಯಾದ ಹಣ್ಣು ಬೇಡ. ಹೆರಳೆಕಾಯಿಯ ಎಲೆ ಸಿಕ್ಕುವ ಊರಿನವರು ನಾಲ್ಕು ಎಲೆ ಇಟ್ಟುಕೊಂಡರೆ ನಿಂಬೆಗಿಂತ ಸವಿ, ಅಂಗೈಯಲ್ಲಿ ಹಿಸುಕಿದರೆ ಸಾಕು. ಇದನ್ನು ಬರೀ ಮನಸ್ಸಿನ ಸಮಾಧಾನ ಅನ್ನಬೇಕಿಲ್ಲ. ಇಂಜೆಕ್ಷನ್ನಿಗೆ ಮೊದಲು ತೋಳಿಗೆ ಒರೆಸುವ ಸ್ಪಿರಿಟ್ ಹತ್ತಿಯನ್ನು ಮೂಸಿದರೂ ವಾಕರಿಕೆ ಸ್ವಲ್ಪ ಹೊತ್ತು ತಗ್ಗುತ್ತದೆಂದು ಆಸ್ಪತ್ರೆಗಳಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಮೂಗಿನ ದಾರಿ ಹೊಟ್ಟೆಯ ದಾರಿಗಿಂತ ಹತ್ತಿರ. ಅದೇ ದಾರಿಯಲ್ಲಿ ಕೇಡೂ ಬರುತ್ತದೆ: ಡೀಸೆಲ್ ಹೊಗೆ, ಕಾರಿನೊಳಗಿನ ಘಾಟು ಸೆಂಟು, ಮುಂದಿನ ಸೀಟಿನವರು ಮುಡಿದ ಎರಡು ಮೊಳ ಮಲ್ಲಿಗೆ. ವಾಂತಿ ಮಾಡುವ ಮಗುವಿಗೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಅದೇ ಕೋಣೆಯಲ್ಲಿ ಸುಡುವವರಿದ್ದಾರೆ. ನಂಬಿಕೆ ಇರಲಿ, ಒಲೆ ಹಿತ್ತಲಿನಲ್ಲಿರಲಿ.

ಈ ಮದ್ದುಗಳಲ್ಲಿ ಶುಂಠಿಯದೇ ಯಜಮಾನಿಕೆ. 1982ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ, ಬೇಗ ತಲೆ ಸುತ್ತುವ ವಿದ್ಯಾರ್ಥಿಗಳನ್ನು ಕಣ್ಣು ಕಟ್ಟಿ ತಿರುಗುವ ಕುರ್ಚಿಯಲ್ಲಿ ಕೂರಿಸಿದ್ದರು. ಪ್ರಯಾಣದ ವಾಂತಿಗೆ ಕೊಡುವ ಮಾಮೂಲಿ ಮಾತ್ರೆ ನುಂಗಿದವರಿಗಿಂತ ಶುಂಠಿ ಪುಡಿ ನುಂಗಿದವರು ಹೆಚ್ಚು ಹೊತ್ತು ತಡೆದುಕೊಂಡರು. ಆಮೇಲಿನ ಪರೀಕ್ಷೆಗಳೆಲ್ಲ ಇದಕ್ಕೆ ಹೌದು ಅಂದಿಲ್ಲ. ಪ್ರಯಾಣದ ಸಂಕಟಕ್ಕಿಂತ ಬಸುರಿಯರ ಸಂಕಟದಲ್ಲಿ ಶುಂಠಿಯ ಪರವಾದ ಸಾಕ್ಷ್ಯ ಗಟ್ಟಿ. ಪ್ರಮಾಣ ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ ಪುಡಿ, ಅಂದರೆ ಮಟ್ಟಸ ಅರ್ಧ ಟೀ ಚಮಚ, ಅದೂ ಎರಡು ಮೂರು ಸಲ ಹಂಚಿಕೊಂಡು. ಒಳ್ಳೆಯದೆಂದು ದೊಡ್ಡ ಚಮಚ ತುಂಬಿ ಬರಿಹೊಟ್ಟೆಗೆ ಹಾಕಿದರೆ ಎದೆಯುರಿ ಬಂದು, ಅದರಿಂದಲೇ ವಾಕರಿಕೆ ಇಮ್ಮಡಿಯಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ರೂಢಿ ಮಾಡಿಕೊಳ್ಳಬಾರದು.

ಪ್ರಯಾಣಕ್ಕೆ ಒಯ್ಯಲು ಒಣಗಿಸಿದ ನಿಂಬೆಶುಂಠಿಗೆ ಸಮನಾದುದಿಲ್ಲ. ನಾರು ಬಲಿಯದ ಎಳೆ ಶುಂಠಿ 100 ಗ್ರಾಂ ತೊಳೆದು, ಸಿಪ್ಪೆ ಹೆರೆದು, ಅಡ್ಡಕ್ಕೆ ಕಾಗದದಷ್ಟು ತೆಳ್ಳಗೆ ಹೆಚ್ಚಬೇಕು. ಉದ್ದಕ್ಕೆ ಸೀಳಿದರೆ ನಾರು ಗಂಟಲಿಗೆ ತಾಗಿ ಅದೇ ಓಕರಿಕೆ ತರಿಸುತ್ತದೆ. ಎರಡು ನಿಂಬೆಹಣ್ಣಿನ ರಸ, ಒಂದು ಟೀ ಚಮಚ ಉಪ್ಪು ಕಲಸಿ ಗಾಜಿನ ಭರಣಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಅಲ್ಯೂಮಿನಿಯಂ ಪಾತ್ರೆಗೆ ಹುಳಿ ಆಗದು. ಶುಂಠಿ ನಿಜಕ್ಕೂ ಎಳೆಯದಾಗಿದ್ದರೆ ಬೆಳಗಿಗೆ ನಸುಗೆಂಪು ತಿರುಗಿರುತ್ತದೆ, ಕೆಟ್ಟಿತೆಂದು ಚೆಲ್ಲಬೇಡಿ. ಬಸಿದು ತಟ್ಟೆಯಲ್ಲಿ ಹರವಿ ಮೂರು ನಾಲ್ಕು ಬಿಸಿಲು ಕೊಟ್ಟರೆ ಚರ್ಮದ ಹಾಗೆ ಬಗ್ಗುವ ಹದ ಬರುತ್ತದೆ. ಒಳಗೆ ಪಸೆ ಉಳಿದರೆ ಮಳೆಗಾಲದಲ್ಲಿ ವಾರದೊಳಗೆ ಬೂಸ್ಟು ಹಿಡಿಯುತ್ತದೆ. ಘಾಟಿಗೆ ಮೊದಲು ಒಂದು ಚೂರು ದವಡೆಗೆ ಸೇರಿಸಿ. ಅಗಿದು ನುಂಗುವ ಅವಸರ ಬೇಡ, ಅದು ತಾನಾಗಿ ಕರಗುತ್ತ ಇರಲಿ.

ಒಣಗಿಸುವ ತಾಳ್ಮೆಯಿಲ್ಲದವರಿಗೆ ರಸ. ಶುಂಠಿ ತುರಿದು ಹಿಂಡಿ ಹತ್ತು ನಿಮಿಷ ಬಿಟ್ಟರೆ ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ. ಅದನ್ನು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ, ಅಷ್ಟೇ ಜೇನು ಸೇರಿಸಿ, ಕಾಲು ಚಮಚ ಅಂಗೈಗೆ ಹಾಕಿಕೊಂಡು ಬೆರಳ ತುದಿಯಿಂದ ನೆಕ್ಕುವುದು. ಒಂದು ವರ್ಷ ತುಂಬದ ಕೂಸಿಗೆ ಜೇನು ಒಂದು ಹನಿಯೂ ಕೂಡದು.

ಮಲೆನಾಡಿನ ಪ್ರಯಾಣಿಕರ ಜೇಬಿನಲ್ಲಿ ನೆಲ್ಲಿಚಟ್ಟಿರುತ್ತದೆ, ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಬೆಟ್ಟದ ನೆಲ್ಲಿ. ಚೀಪಲು ಶುರುಮಾಡಿದರೆ ಅರ್ಧ ಗಂಟೆ ಬಾಯಿಗೆ ಕೆಲಸ. ಹುಣಸೆ ಚಿಗಳಿಯೂ ಆದೀತು, ಖಾರ ಹಾಕದೆ ಕುಟ್ಟಿದ್ದರೆ. ಏಲಕ್ಕಿ ಒಂದು ಹೊತ್ತಿಗೆ ಒಂದೆರಡು ಕಾಯಿ, ಸಿಪ್ಪೆ ಬಿಡಿಸಿ ಕಾಳನ್ನಷ್ಟೇ ಕಚ್ಚುವುದು. ಪುದೀನದ ಬಗ್ಗೆ ಒಂದು ತಕರಾರಿದೆ. ಅನ್ನನಾಳದ ಬುಡದ ಬಿಗಿಯನ್ನು ಅದು ಸಡಿಲಿಸುತ್ತದೆ, ಹುಳಿತೇಗಿನವರಿಗೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು.

ಹೊರಡುವ ಮೊದಲಿನ ತಿಂಡಿ ಇನ್ನೊಂದು ಅಧ್ಯಾಯ. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆ ತಿಂದು ಚಾರ್ಮಾಡಿ ಇಳಿಯುವವರಿಗೆ ಕೆಡುಕಾಗುವುದು ದೋಸೆಯಿಂದಲ್ಲ, ಜೊತೆಗೆ ಬಂದ ಎಣ್ಣೆಬಜ್ಜಿಯಿಂದ, ಮೇಲೆ ಹೊಯ್ದ ಕಾಫಿಯಿಂದ. ಜಿಡ್ಡು ಜಠರದಿಂದ ಬೇಗ ಕದಲುವುದಿಲ್ಲ. ಅದಕ್ಕೆ ಹೆದರಿ ಉಪವಾಸ ಹೊರಡುವುದೂ ತಪ್ಪು, ಖಾಲಿ ಹೊಟ್ಟೆ ಇನ್ನೂ ಬೇಗ ತೊಳೆಸುತ್ತದೆ. ಒಂದು ಗಂಟೆ ಮೊದಲು ಎರಡು ಇಡ್ಲಿ, ಸಾಂಬಾರಿಲ್ಲದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಈ ಕಾಟ ಹೆಚ್ಚು. ಅವರ ಕೈಗೆ ಮೊಬೈಲ್ ಕೊಟ್ಟು ಬಾಯಿಗೆ ಚಿಪ್ಸ್ ಕೊಡುವ ಅಪ್ಪ ಅಮ್ಮಂದಿರು ಕವರನ್ನೂ ಜೊತೆಗೇ ಕೊಟ್ಟಿರುವುದು ಒಳ್ಳೆಯದು. ಮೆಡಿಕಲ್ ಶಾಪಿನ ಪ್ರೊಮೆಥಜಿನ್ ಮಾತ್ರೆಯೂ ಮೊದಲೇ ನುಂಗಿದರಷ್ಟೇ ಫಲ. ಅದು ನಿದ್ದೆ ತರಿಸುತ್ತದೆ, ಗಾಡಿ ಓಡಿಸುವವರಿಗೂ ಎರಡು ವರ್ಷದೊಳಗಿನ ಮಕ್ಕಳಿಗೂ ಸಲ್ಲದು.

ಬಸುರಿಯರ ಬಯಕೆ ಸಂಕಟಕ್ಕೆ ಬೇರೆ ಲೆಕ್ಕ. ಐದಾರನೇ ವಾರಕ್ಕೆ ಹಿಡಿದು, ಹೆಚ್ಚಿನವರಿಗೆ ನಾಲ್ಕನೇ ತಿಂಗಳ ಹೊತ್ತಿಗೆ ಇಳಿಯುತ್ತದೆ. ಇಲ್ಲಿ ಶತ್ರು ಬರಿಹೊಟ್ಟೆ. ತಲೆದಿಂಬಿನ ಬಳಿ ಡಬ್ಬಿಯಲ್ಲಿ ಒಗ್ಗರಣೆ ಇಲ್ಲದ ಮಂಡಕ್ಕಿಯನ್ನೋ ಅರಳನ್ನೋ ಇಟ್ಟುಕೊಂಡು, ಏಳುವ ಮೊದಲೇ ಒಂದು ಹಿಡಿ ನಿಧಾನವಾಗಿ ತಿಂದು, ಕಾಲು ಗಂಟೆ ಕಳೆದು ಕಾಲು ಕೆಳಗಿಡಬೇಕು. ನೀರು ತಿಂಡಿಯ ಜೊತೆ ಬೇಡ, ಮಧ್ಯೆ ಮಧ್ಯೆ ಗುಟುಕು ಗುಟುಕಾಗಿ. ಬಿಸಿ ಅಡುಗೆಯ ಹಬೆಯೇ ಹೊಟ್ಟೆ ತಿರುಚುವ ದಿನಗಳಲ್ಲಿ ಆರಿದ ಮೊಸರನ್ನ, ಅಂಚಿಗೆ ಉಪ್ಪಿನಕಾಯಿಯ ರಸ. “ಇಬ್ಬರ ಊಟ ಮಾಡಮ್ಮ” ಎನ್ನುವ ಅತ್ತೆಯರನ್ನು ಆ ಹೊತ್ತಿಗೆ ಅಡುಗೆಮನೆಯಲ್ಲೇ ತಡೆಹಿಡಿಯುವ ಕೆಲಸ ಗಂಡಂದಿರದು. ದಿನವಿಡೀ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ, ತೂಕ ಇಳಿಯುತ್ತಿದ್ದರೆ ಅದು ಬಯಕೆಯ ಮಾತಲ್ಲ, ಡ್ರಿಪ್ ಬೇಕಾಗುವ ಸ್ಥಿತಿ.

ಅಜೀರ್ಣದ ಸಂಕಟಕ್ಕೆ ಜೀರಿಗೆ ಕಷಾಯ. ಎರಡು ಟೀ ಚಮಚ ಜೀರಿಗೆ, ಒಂದು ಚಮಚ ಕೊತ್ತಂಬರಿ ಬೀಜವನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗಷ್ಟೇ ಹುರಿಯಬೇಕು. ಕಪ್ಪಾದರೆ ಕಹಿ, ಆ ಸುಟ್ಟ ವಾಸನೆಗೇ ಮತ್ತೊಮ್ಮೆ ವಾಕರಿಕೆ. ಎರಡು ಲೋಟ ನೀರು ಒಂದಕ್ಕೆ ಇಳಿಯಲಿ. ಕಷಾಯವೆಂದ ಕೂಡಲೇ ಹಾಲು ಬೆಲ್ಲ ಸುರಿಯುವ ಕೈಯನ್ನು ಇಂದು ತಡೆಯಿರಿ. ಉಗುರುಬೆಚ್ಚಗಾದ ಮೇಲೆ ಎರಡೆರಡು ಚಮಚ ಸಾಕು. ಕರಾವಳಿಯವರಿಗೆ ಈ ಕೆಲಸವನ್ನು ಪುನರ್ಪುಳಿ, ಅಂದರೆ ಕೋಕಂ, ಮಾಡುತ್ತದೆ. ನಾಲ್ಕೈದು ಒಣಸಿಪ್ಪೆ ಒಂದು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ, ಉಪ್ಪು ಬೆರೆಸಿದರೆ ಆಯಿತು. ಆದರೆ ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದ್ದಕ್ಕಿದ್ದಂತೆ ಬೆವರು, ಎದೆಯಲ್ಲೋ ದವಡೆಯಲ್ಲೋ ಬಿಗಿತ, ಜೊತೆಗೆ ವಾಕರಿಕೆ ಬಂದರೆ ‘ಗ್ಯಾಸ್’ ಎಂದು ಒಲೆ ಹಚ್ಚಬೇಡಿ, ಗಾಡಿ ಹತ್ತಿಸಿ. ಹೃದಯಾಘಾತ ಬಹಳ ಸಲ ಹೊಟ್ಟೆಯ ವೇಷದಲ್ಲಿ ಬರುತ್ತದೆ. ತಲೆಗೆ ಪೆಟ್ಟಾದ ಮೇಲಿನ ವಾಂತಿ, ರಕ್ತ ಅಥವಾ ಹಸಿರು ಪಿತ್ತ ಕಾಣುವ ವಾಂತಿ, ಕುತ್ತಿಗೆ ಸೆಟೆದ ತಲೆನೋವಿನ ವಾಂತಿ ಇವೂ ಅಡುಗೆಮನೆಯವಲ್ಲ. ವಿಷ ಕಕ್ಕಿಸಲೆಂದು ಗಟ್ಟಿ ಉಪ್ಪುನೀರು ಕುಡಿಸುವ ಹಳೇ ಪದ್ಧತಿಯಂತೂ ಮಕ್ಕಳ ಜೀವಕ್ಕೇ ಎರವಾಗಬಲ್ಲದು.

ಕಡೆಗೂ ವಾಂತಿ ಆಗಿಯೇ ಹೋಯಿತು ಅನ್ನಿ. ಬಾಯಿ ಮುಕ್ಕಳಿಸಿ, ಕೂಡಲೇ ಬ್ರಷ್ ಹಿಡಿಯಬೇಡಿ. ಆಮ್ಲ ತಾಗಿ ಮೆತ್ತಗಾದ ಹಲ್ಲಿನ ಮೇಲ್ಪದರ ಉಜ್ಜಿದರೆ ಸವೆಯುತ್ತದೆ, ಅರ್ಧ ಗಂಟೆ ತಡೆಯಿರಿ. ಹತ್ತು ನಿಮಿಷ ಹೊಟ್ಟೆಗೆ ಏನೂ ಬೇಡ. ಆಮೇಲೆ ಓಆರ್‌ಎಸ್ ಇಲ್ಲವೇ ಮನೆಯಲ್ಲೇ ಬೆರೆಸಿದ ನೀರು: ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಿದರೆ ಅಪಾಯ, ಬೆರೆಸಿದವರು ಮೊದಲು ರುಚಿ ನೋಡಲಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. 1971ರಲ್ಲಿ ಪಶ್ಚಿಮ ಬಂಗಾಳದ ಬಂಗಾವ್‌ನ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಾಲನೊಬಿಸ್ ಡ್ರಮ್ಮುಗಟ್ಟಲೆ ಇಂಥ ನೀರನ್ನು ಬೆರೆಸಿಟ್ಟು, ಮನೆಯವರ ಕೈಯಿಂದಲೇ ಕುಡಿಸಿ ಜೀವ ಉಳಿಸಿದರು. ವಾಂತಿ ಮಾಡುತ್ತಿರುವ ಮಗುವಿಗೆ ಎರಡು ನಿಮಿಷಕ್ಕೊಂದು ಚಮಚ, ಗಡಿಯಾರ ನೋಡಿಕೊಂಡೇ. ಬಾಯಾರಿದ ಮಗು ಲೋಟಕ್ಕೆ ಕೈ ಹಾಕುತ್ತದೆ, ಅಳುತ್ತದೆ. ಕನಿಕರಪಟ್ಟು ಲೋಟ ಕೊಟ್ಟರೆ ಕುಡಿದದ್ದೆಲ್ಲ ಹೊರಕ್ಕೆ, ಮತ್ತೆ ಹತ್ತು ನಿಮಿಷದ ಕಾಯುವಿಕೆ.

ಎರಡು ಮೂರು ಗಂಟೆ ಎಲ್ಲವೂ ಒಳಗೇ ನಿಂತರೆ ಅರಳಿನ ನೀರು: ಒಂದು ಹಿಡಿ ಭತ್ತದ ಅರಳು, ಕರಾವಳಿಯವರ ಹೊದ್ಲು, ಹೊಟ್ಟು ಕೇರಿ ಎರಡು ಲೋಟ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಸೋಸುವುದು. ಹೊಟ್ಟು ಒಂದೆರಡು ಉಳಿದರೂ ಗಂಟಲಿಗೆ ಚುಚ್ಚುತ್ತದೆ, ಬಟ್ಟೆಯಲ್ಲೇ ಸೋಸಿ. ಅದು ಒಪ್ಪಿದರೆ ಗಂಜಿಯ ತಿಳಿ, ಅದೂ ಒಪ್ಪಿದರೆ ರಾತ್ರಿಗೆ ಗಂಜಿ. ತುಪ್ಪ ನಾಳೆಗಿರಲಿ.