ಸಾಲದ ಲೆಕ್ಕ ಮಕ್ಕಳ ಮುಂದೆಯೇ ಆಗಲಿ

ಇಂಗ್ಲೆಂಡಿನಲ್ಲಿ ಡಿಗ್ರಿಗೆ ಸೇರುವ ಹುಡುಗ ಹುಡುಗಿಯರಿಗೆ ಸರ್ಕಾರದ ಸಾಲ ಅವರ ಹೆಸರಿಗೇ ಸಿಗುತ್ತದೆ. ಅಪ್ಪ ಅಮ್ಮ ಜಾಮೀನು ಹಾಕಬೇಕಿಲ್ಲ. ನಮ್ಮೂರಲ್ಲಿ ಬ್ಯಾಂಕಿನವರು ಸಾಮಾನ್ಯವಾಗಿ ಅಪ್ಪನ ಸಹಿಯನ್ನೂ ಹಾಕಿಸಿಕೊಂಡೇ ಎಜುಕೇಶನ್ ಲೋನ್ ಕೊಡುತ್ತಾರೆ. ಇದರಿಂದ ಮನೆಯ ಮಾತುಕತೆಯೇ ಬೇರೆಯಾಗಿಬಿಡುತ್ತದೆ.

ಇಲ್ಲಿ, ನಾನಿರುವ ಇಂಗ್ಲೆಂಡಿನಲ್ಲಿ, ನನ್ನ ಮಗಳ ವಯಸ್ಸಿನ ಮಕ್ಕಳು ಸಾಲದ ನಿಯಮಗಳನ್ನು ಕ್ರಿಕೆಟ್ ಸ್ಕೋರಿನಷ್ಟು ಸಲೀಸಾಗಿ ಹೇಳುತ್ತಾರೆ. 2023ರ ಆಗಸ್ಟ್‌ನಿಂದ ಈಚೆಗೆ ಸೇರಿದವರು ವರ್ಷದ ಸಂಬಳದಲ್ಲಿ 25,000 ಪೌಂಡ್ ದಾಟಿದ ಭಾಗಕ್ಕೆ ಮಾತ್ರ 9% ಕಟ್ಟಬೇಕು. ಸಂಬಳ 30,000 ಇದ್ದರೆ ತಿಂಗಳಿಗೆ 37 ಪೌಂಡ್ ಚಿಲ್ಲರೆ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. 40 ವರ್ಷವಾದ ಮೇಲೆ ಉಳಿದದ್ದು ಮನ್ನಾ. ಆದರೆ ಬಡ್ಡಿ ಮೊದಲ ದಿನದಿಂದಲೇ ಏರುತ್ತದೆ, ಆ 40 ವರ್ಷ ಅಂದರೆ ಹೆಚ್ಚುಕಡಿಮೆ ದುಡಿಯುವ ಕಾಲ ಪೂರ್ತಿ ಅಲ್ವಾ? ಅದು ಅವರಿಗೆ ನಾಟುವುದೇ ಇಲ್ಲ. ಊಟ, ಬಾಡಿಗೆಗೆ ಕೊಡುವ ಸಾಲ ಹೆತ್ತವರ ಆದಾಯ ಹೆಚ್ಚಿದ ಹಾಗೆ ಕಡಿಮೆಯಾಗುತ್ತದೆ. ಕೊರತೆ ಬಿದ್ದದ್ದನ್ನು ಮನೆಯವರೇ ತುಂಬಬೇಕು ಎನ್ನುವುದೂ ಎಷ್ಟೋ ಮನೆಗಳಲ್ಲಿ ತಡವಾಗಿ ಗೊತ್ತಾಗುತ್ತದೆ.

ಆದರೂ ಇಲ್ಲಿನ ಮಕ್ಕಳಿಗೆ ಮೊತ್ತವಾದರೂ ಗೊತ್ತಿರುತ್ತದೆ. ನಮ್ಮಲ್ಲಿ "ನೀನು ಓದು, ದುಡ್ಡಿನ ಯೋಚನೆ ನಮಗಿರಲಿ" ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಆ ಪ್ರೀತಿ ಮಕ್ಕಳನ್ನು ಕತ್ತಲಲ್ಲಿಡುತ್ತದೆ ಅನ್ನುವುದು ನನ್ನ ಸಂಕಟ.

ಒಂದು ಲೆಕ್ಕ ನೋಡಿ. ಇಂಜಿನಿಯರಿಂಗ್‌ಗೆ ವರ್ಷಕ್ಕೆ 2.5 ಲಕ್ಷದ ಹಾಗೆ 10 ಲಕ್ಷ ಸಾಲ, ಬಡ್ಡಿ 10%. ಓದುವ 4 ವರ್ಷ, ಮೇಲೆ ಇನ್ನೊಂದು ವರ್ಷ ಕಂತಿಲ್ಲ. ಕಂತಿಲ್ಲ ಅಂದ ಮಾತ್ರಕ್ಕೆ ಬಡ್ಡಿ ಸುಮ್ನೆ ಕೂರುವುದಿಲ್ಲ. ಸರಳ ಬಡ್ಡಿ ಹಿಡಿದರೂ ಅಷ್ಟರಲ್ಲಿ 3.5 ಲಕ್ಷ ಸೇರಿರುತ್ತದೆ. ಆಮೇಲೆ 10 ವರ್ಷ, ತಿಂಗಳಿಗೆ ಸುಮಾರು 17,800 ರೂಪಾಯಿ. ಈಗಷ್ಟೇ ಕೆಲಸಕ್ಕೆ ಸೇರಿದವರ ಸಂಬಳದಲ್ಲಿ ಇದು ದೊಡ್ಡ ಪಾಲು. ಕೆಲಸ ಸಿಗಲಿಲ್ಲವೆಂದು ಇಲ್ಲಿನ ಹಾಗೆ ಕಂತು ತಾನಾಗಿ ನಿಲ್ಲುವುದಿಲ್ಲ, ಬ್ಯಾಂಕಿನ ಫೋನು ಅಪ್ಪನಿಗೆ ಬರುತ್ತದೆ. ಆ ಹೊತ್ತಿಗೆ ಅವರಿಗೆ ರಿಟೈರ್ ಆಗಿರಲೂಬಹುದು.

ಹದಿನೇಳರ ಮಕ್ಕಳಿಗೆ ಇದು ಭಾರವಾಗುತ್ತದೆ ಅನ್ನುವವರಿದ್ದಾರೆ. ಪಿಯುಸಿಯಲ್ಲಿ ಇಂಟಿಗ್ರೇಷನ್ ಮಾಡುವ ಮಕ್ಕಳಿಗೆ ಚಕ್ರಬಡ್ಡಿ ಕಷ್ಟವೇ? ಸಿಇಟಿ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ ತುಂಬಲು, ಕೂರುವ ಮುಂಚೆ ಪ್ರತಿ ಕಾಲೇಜಿನ ಫೀಸಿನ ಪಕ್ಕ ತಿಂಗಳ ಕಂತನ್ನು ಅವರ ಕೈಯಲ್ಲೇ ಬರೆಸಿ. ಮ್ಯಾನೇಜ್‌ಮೆಂಟ್ ಸೀಟು ಬೇಕೋ, ಸರ್ಕಾರಿ ಕಾಲೇಜು ಸಾಕೋ ಅನ್ನುವ ಮಾತು ಆಮೇಲೆ ಶುರುವಾಗಲಿ.