ಹೆಬ್ಬೆಟ್ಟಿಗೆ ಮರಳಿದ ಮರ್ಯಾದೆ

ಪಡಿತರ ಚೀಟಿಯ ಇ-ಕೆವೈಸಿಗೆ ಕೊಟ್ಟಿದ್ದ ಕೊನೆಯ ದಿನಾಂಕವನ್ನು ಮತ್ತೆ ಮುಂದೂಡಿದ ಸುದ್ದಿಯನ್ನು ತಾವೆಲ್ಲ ಓದಿರುತ್ತೀರಿ. ಓದದಿದ್ದರೂ ಚಿಂತೆಯಿಲ್ಲ, ಮುಂದಿನ ಕೊನೆಯ ದಿನಾಂಕದ ಹೊತ್ತಿಗೆ ಅದೇ ಸುದ್ದಿ ಅದೇ ಪುಟದ ಅದೇ ಮೂಲೆಯಲ್ಲಿ ಬರುತ್ತದೆ. ಮನೆಯ ಪ್ರತಿಯೊಬ್ಬರೂ ನ್ಯಾಯಬೆಲೆ ಅಂಗಡಿಗೆ ಹೋಗಿ, ತಾನು ಇನ್ನೂ ತಾನೇ ಆಗಿದ್ದೇನೆಂದು ಬೆರಳೊತ್ತಿ ತೋರಿಸಬೇಕು, ತೋರಿಸದವರ ಹೆಸರು ಚೀಟಿಯಿಂದ ಹಾರಿಹೋಗಬಹುದು ಎಂಬುದು ಅದರ ತಾತ್ಪರ್ಯ. 'ನಾನು ಯಾರು' ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ನಮ್ಮ ವೇದಾಂತಿಗಳು ಕಾಡಿಗೆ ಹೋಗಿ ಗಡ್ಡ ಬಿಟ್ಟರು. ಸರ್ಕಾರವು ಅದೇ ಪ್ರಶ್ನೆಯನ್ನು ಅಕ್ಕಿಯ ಚೀಲದ ಬಾಯಿಗೆ ಕಟ್ಟಿ, ಸರ್ವರ್ ಇದ್ದ ದಿನ ಎರಡೇ ಸೆಕೆಂಡಿನಲ್ಲಿ ಇತ್ಯರ್ಥಪಡಿಸುತ್ತಿದೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ ಹೆಬ್ಬೆಟ್ಟಿಗೆ ಮರಳಿ ಸಿಕ್ಕಿರುವ ಮರ್ಯಾದೆ. 'ಅವನೊಬ್ಬ ಹೆಬ್ಬೆಟ್ಟು' ಎಂದರೆ ಬೈಗುಳವಾಗಿದ್ದ ಕಾಲ ನಮ್ಮ ನೆನಪಿನಲ್ಲೇ ಇದೆ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಹೊತ್ತು ಕಾಫಿ ತೋಟದ ಆಳುಗಳ ಲೈನ್ ಮನೆಗಳ ಜಗಲಿಯಲ್ಲಿ ಲಾಟೀನು ಹಚ್ಚಿಟ್ಟು, ಹಗಲೆಲ್ಲ ಕಾಫಿ ಕುಯ್ದು ದಣಿದ ಹೆಂಗಸರ ಕೈ ಹಿಡಿದು ಹೆಸರು ಬರೆಸಿದೆವು. ಇನ್ನು ಮುಂದೆ ಯಾರೂ ಹೆಬ್ಬೆಟ್ಟು ಒತ್ತಬೇಕಾಗಿಲ್ಲವೆಂದು ನಾನೂ ಒಂದೆರಡು ಕಡೆ ಭಾಷಣ ಮಾಡಿದ್ದೇನೆ. ಆ ಭಾಷಣಗಳನ್ನು ಈಗ ಬೇಷರತ್ತಾಗಿ ಹಿಂದಕ್ಕೆ ಪಡೆಯುತ್ತೇನೆ. ಸಹಿಯನ್ನು ಈಗ ಯಾರೂ ಕೇಳುವುದಿಲ್ಲ. ಪ್ರೊಫೆಸರರೂ ಹೆಬ್ಬೆಟ್ಟು, ಸಾಹುಕಾರರೂ ಹೆಬ್ಬೆಟ್ಟು. ಸಮಾನತೆಯನ್ನು ಮೇಲಕ್ಕೆ ಎತ್ತಿ ತರುವುದು ಕಷ್ಟವೆಂದು ತಿಳಿದ ಜಾಣರು ಅದನ್ನು ಕೆಳಗಿನಿಂದಲೇ ತಂದಿದ್ದಾರೆ.

ಸಮಾನತೆ ಅಲ್ಲಿಗೇ ನಿಂತಿದ್ದರೆ ಈ ಅಂಕಣ ಬರೆಯಬೇಕಾಗಿರಲಿಲ್ಲ. ಕೊಡಗಿನ ಸಿದ್ದಾಪುರದ ಕಡೆಯ ಒಂದು ನ್ಯಾಯಬೆಲೆ ಅಂಗಡಿಯ ಮುಂದೆ ಕಳೆದ ವಾರ ನಾನೂ ಸರದಿಯಲ್ಲಿ ನಿಂತಿದ್ದೆ. ಜನರು 'ಥಂಬ್ ಮಿಷನ್' ಎಂದು ಕರೆಯುವ ಆ ಪೆಟ್ಟಿಗೆಗೆ ಗೆರೆಗಳು ಬೇಕು. ಆದರೆ ಕಪಾತು ಮಾಡಿ, ಚಿಗುರು ತೆಗೆದು, ಕಳೆ ಕಡಿದು, ರೋಬಸ್ಟಾ ಗಿಡದ ರೆಂಬೆಯಿಂದ ಹಣ್ಣನ್ನು ಗೀಚಿ ಗೀಚಿ ಎಳೆದು, ಮಳೆಗೆ ಮುಂಚೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣದಲ್ಲಿ ಕೈಯದ್ದಿದವರ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ನನಗಿಂತ ಮುಂದಿದ್ದ ಅಜ್ಜಿಯೊಬ್ಬರು ಬಲಗೈ ಹೆಬ್ಬೆಟ್ಟಿನಿಂದ ಆರಂಭಿಸಿ ಹತ್ತೂ ಬೆರಳುಗಳನ್ನು ಒಂದೊಂದಾಗಿ ಒತ್ತಿದರು. ಹತ್ತನ್ನೂ ಯಂತ್ರ ತಿರಸ್ಕರಿಸಿತು. 'ತಲೆಗೆ ಉಜ್ಜಿ ಇಡಿ ಅಜ್ಜೀ, ಎಣ್ಣೆ ಅಂಶ ಬಂದರೆ ತಗೊಳ್ತದೆ' ಎಂದು ಅಂಗಡಿಯವರು ಸಲಹೆ ಕೊಟ್ಟರು. ಒಬ್ಬರು ನಿಂಬೆಹಣ್ಣು ಎಂದರು, ಇನ್ನೊಬ್ಬರು ವ್ಯಾಸಲೀನ್ ಎಂದರು. ಮಳೆಗಾಲದಲ್ಲಿ ಬರುವ ಕೊಡವರ ಕಕ್ಕಡ ತಿಂಗಳ 18ರಂದು ನಾವು ತಿನ್ನುವ ಮದ್ದುಸೊಪ್ಪಿನಲ್ಲಿ 18 ಬಗೆಯ ಔಷಧಗಳು ಸೇರಿರುತ್ತವೆಂಬ ನಂಬಿಕೆಯಿದೆ. ಅವುಗಳಲ್ಲಿ ಒಂದಾದರೂ ಬೆರಳಿನ ಗೆರೆಗೆ ಇರಬಾರದಿತ್ತೇ ಎಂದು ನಾನು ಯೋಚಿಸುತ್ತಿದ್ದೆ. ಕೊನೆಗೆ ಅಂಗಡಿಯವರು, ಪಾಪ, ನಿಜವಾದ ಕಾಳಜಿಯಿಂದಲೇ, ಒಂದು ವಾರ ಕೆಲಸ ಮಾಡದೆ ಕೈಗೆ ವಿಶ್ರಾಂತಿ ಕೊಟ್ಟು ಬರಬೇಕೆಂದು ಹೇಳಿದರು. ದುಡಿಯುವವಳೆಂಬ ಕಾರಣಕ್ಕೆ ಅಕ್ಕಿಗೆ ಅರ್ಹಳಾದ ಹೆಂಗಸು, ಆ ಅಕ್ಕಿಯನ್ನು ಪಡೆಯಲು ದುಡಿಯುವುದನ್ನು ಬಿಡಬೇಕಂತೆ.

ಈ ಬೆರಳಿನ ಕಥೆಗೆ ಒಂದು ವಂಶಾವಳಿಯಿದೆ. 1858ರಲ್ಲಿ ಬಂಗಾಳದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಆಂಗ್ಲ ಅಧಿಕಾರಿ, ರಸ್ತೆಗೆ ಜಲ್ಲಿ ಒದಗಿಸಲು ಬಂದ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರಿನ ಕಾಗದದ ಮೇಲೆ ಒತ್ತಿಸಿದ. ಸಹಿ ತನ್ನದಲ್ಲವೆಂದು ಮುಂದೆ ನುಣುಚಿಕೊಳ್ಳದಂತೆ ಆ ಮನುಷ್ಯನನ್ನು ಹೆದರಿಸಿಡುವುದಷ್ಟೇ ಹರ್ಷೆಲ್‌ನ ಉದ್ದೇಶವಾಗಿತ್ತು. ಆಮೇಲೆ 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು, ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಲೆಕ್ಕಾಚಾರದ ಬಲದಿಂದ ಬೆರಳಚ್ಚಿನ ವರ್ಗೀಕರಣ ಹುಟ್ಟಿತು, ಕೀರ್ತಿ ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿಗೆ ಹೋಯಿತು. ಬೆರಳಚ್ಚು ಪಡೆಯುವವನಿಗೆ ಕೊಡುವವನ ಮೇಲೆ ನಂಬಿಕೆಯಿಲ್ಲವೆಂಬುದು ಆ ವಿದ್ಯೆಯ ಮೊದಲ ಪಾಠವೇ ಆಗಿತ್ತು. ಬ್ರಿಟಿಷರು ಹೋದರು, ಮಸಿಯೂ ಹೋಯಿತು, ಪಾಠ ಮಾತ್ರ ಉಳಿದಿದೆ.

ಇನ್ನು ಸಿಗ್ನಲ್ಲಿನ ವಿಚಾರ. ಗೆರೆ ಚೆನ್ನಾಗಿರುವ ಬೆರಳು ಸಿಕ್ಕಿದರೂ ಅದನ್ನು ದೂರದ ಸರ್ವರ್ ಒಪ್ಪಬೇಕು; ಒಪ್ಪಲು ಅದಕ್ಕೆ ಮೊದಲು ತಲುಪಬೇಕು. ಆಟಿ ಮಳೆಯಲ್ಲಿ ಕರೆಂಟು ಹೋದ ಕೆಲವೇ ಗಂಟೆಗಳಲ್ಲಿ ಟವರಿನ ಪ್ರಾಣವೂ ಹೋಗುತ್ತದೆ. ಆಗ ಅಂಗಡಿಯವರು ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮೇಲಿನ ತಿರುವಿನಲ್ಲಿರುವ ಹಲಸಿನ ಮರದ ಬುಡಕ್ಕೆ ಹೊರಡುತ್ತಾರೆ, ಕೊಡೆ ಹಿಡಿದ ಮೆರವಣಿಗೆ ಹಿಂದಿನಿಂದ ಹೋಗುತ್ತದೆ. ದೂರದಿಂದ ನೋಡಿದವರಿಗೆ ಊರದೇವರ ಉತ್ಸವದಂತೆ ಕಾಣಬಹುದು. ಅದೇ ಹಲಸಿನ ಮರಕ್ಕೆ ರಾತ್ರಿ ಬರುವ ಇನ್ನೊಬ್ಬ ಫಲಾನುಭವಿಯಿದ್ದಾನೆ. ನಮ್ಮ ಕಡೆಯ ಕೆಲವು ಆನೆಗಳ ಕೊರಳಿಗೆ ಅರಣ್ಯ ಇಲಾಖೆ ರೇಡಿಯೊ ಕಾಲರ್ ತೊಡಿಸಿದೆಯಷ್ಟೆ. ಮನುಷ್ಯನ ಹೆಬ್ಬೆಟ್ಟು ಬೆಂಗಳೂರಿಗೆ ತಲುಪದ ಜಾಗದಿಂದ ಆ ಆನೆಯ ಇರುವಿಕೆ ಉಪಗ್ರಹಕ್ಕೆ ತಲುಪುತ್ತದೆ. ತಾನು ಯಾರೆಂದು ಹೇಳಬೇಕಾದ ಹಂಗಿಲ್ಲದೆ, ಗಡುವಿಲ್ಲದೆ, ತೂಕದಲ್ಲಿ ಮೋಸವೂ ಇಲ್ಲದೆ ಅದು ತನ್ನ ಪಾಲನ್ನು ತಿಂದು ಹೋಗುತ್ತದೆ. ಅಸೂಯೆಪಟ್ಟು ಪ್ರಯೋಜನವಿಲ್ಲ, ಅದಕ್ಕೆ ಸೊಂಡಿಲಿದೆ.

'ಯಂತ್ರ ಸುಳ್ಳು ಹೇಳುವುದಿಲ್ಲ, ನಿಮ್ಮ ಬೆರಳೇ ಸರಿಯಿಲ್ಲ' ಎಂಬ ಮಾತು ನಮ್ಮ ಹಳ್ಳಿಯ ಸೊತ್ತೆಂದು ಯಾರೂ ಭಾವಿಸಬಾರದು. ಬ್ರಿಟನ್ನಿನ ಅಂಚೆ ಸಂಸ್ಥೆ 1999ರಲ್ಲಿ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ತಂತ್ರಾಂಶವನ್ನು ತಂದಿತು. ಅದು ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ತೋರಿಸಿತು. ಕೊರತೆಯನ್ನು ನಂಬಲಾಯಿತು, ಮನುಷ್ಯರನ್ನು ನಂಬಲಿಲ್ಲ. 2015ರವರೆಗೆ ಊರೂರಿನ ಅಂಚೆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಅಪರಾಧಗಳ ಹೊರೆ ಹೊತ್ತರು, ಕೆಲವರು ಸೆರೆಮನೆ ಕಂಡರು, ಆತ್ಮಹತ್ಯೆ ಮಾಡಿಕೊಂಡವರೂ ಇದ್ದರು. ಸಹಾಯವಾಣಿಗೆ ಕರೆ ಮಾಡಿದವರಿಗೆ, ಈ ತೊಂದರೆ ನಿಮ್ಮೊಬ್ಬರದೇ ಎಂಬ ಉತ್ತರ ಸಿಗುತ್ತಿತ್ತು. ಆ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಮಾಡಲು ಸಂಸತ್ತು 2024ರಲ್ಲಿ ಕಾನೂನನ್ನೇ ತರಬೇಕಾಯಿತು. ನೆದರ್ಲೆಂಡ್ಸಿನಲ್ಲಿ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ಹೆತ್ತವರನ್ನು ವಂಚಕರೆಂದು ಸುಳ್ಳೇ ದೂರಿ, ಎರಡು ದೇಶದ ಪೌರತ್ವವನ್ನೂ ಸಂಶಯಕ್ಕೆ ಕಾರಣವಾಗಿ ಎಣಿಸಿದ್ದರು. ಆ ಹಗರಣದಿಂದಾಗಿ 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಸರ್ವರ್ ತಪ್ಪು ಮಾಡಿದ್ದಕ್ಕೆ ಸರ್ಕಾರ ರಾಜೀನಾಮೆ ಕೊಡುವ ದೇಶಗಳೂ ಇವೆಯೆಂದು ನಾನು ಸರದಿಯಲ್ಲಿದ್ದವರಿಗೆ ಹೇಳಿದಾಗ ಎಲ್ಲರೂ ಮನಸಾರೆ ನಕ್ಕರು. ಬಹಳ ದಿನಗಳ ಮೇಲೆ ನನ್ನ ಹಾಸ್ಯಕ್ಕೆ ಅಷ್ಟು ನಗು ಸಿಕ್ಕಿತು.

ನಗು ಇಲ್ಲಿಗೆ ಸಾಕು. 2017ರಲ್ಲಿ ಜಾರ್ಖಂಡಿನ ಸಿಮ್ಡೆಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ಸತ್ತಳು. ಆಧಾರ್ ಜೋಡಣೆಯಾಗಿಲ್ಲವೆಂದು ಅವರ ಪಡಿತರ ಚೀಟಿ ರದ್ದಾಗಿತ್ತು. ಮಗಳು ಅನ್ನ ಅನ್ನ ಎನ್ನುತ್ತಲೇ ಹೋದಳೆಂದು ತಾಯಿ ಹೇಳಿದರು, ಸಾವಿಗೆ ಮಲೇರಿಯಾ ಕಾರಣವೆಂದು ಆಡಳಿತ ಹೇಳಿತು. ಬೆರಳಚ್ಚು ತಾಳೆಯಾಗದವರಿಗೆ ಪಡಿತರ ತಪ್ಪಬಾರದೆಂಬ ಆದೇಶ ಇಲ್ಲದಿಲ್ಲ. 2018ರ ಸೆಪ್ಟೆಂಬರ್ 26ರಂದು ಆಧಾರ್ ಕಾಯ್ದೆಯನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪಿನಲ್ಲೂ ಆ ಮಾತಿದೆ. ದೆಹಲಿಯಲ್ಲಿ ಬರೆದ ಆ ಕಾಗದಕ್ಕೆ ನಮ್ಮ ಹಲಸಿನ ಮರದವರೆಗೆ ಹತ್ತಲು ಏಕೆ ಆಗುವುದಿಲ್ಲ? ಬೆರಳು ಕೇಳುವ ಆದೇಶ ಮಾತ್ರ ರಾತ್ರೋರಾತ್ರಿ ಹೇಗೆ ಹತ್ತಿ ಬರುತ್ತದೆ? ಆಹಾರ ಭದ್ರತಾ ಕಾಯ್ದೆ ಬಂದದ್ದು 2013ರಲ್ಲಿ. ಅದರಲ್ಲಿ ಅಕ್ಕಿಯನ್ನು ಹಕ್ಕು ಎಂದೇ ಬರೆದಿದೆ. ಹಕ್ಕನ್ನು ಪಡೆಯಲು ಎಪ್ಪತ್ತು ದಾಟಿದ ಹೆಂಗಸು ಮೂರು ಸಲ ಕೂಲಿ ಕಳೆದುಕೊಂಡು ಬಂದು ಹತ್ತು ಬೆರಳು ಒಡ್ಡಿ ನಿಲ್ಲುವುದನ್ನು ನೋಡಿದರೆ ನನಗೆ ವಿಡಂಬನೆ ಬರೆಯುವ ಉತ್ಸಾಹ ಉಳಿಯುವುದಿಲ್ಲ, ಸುಸ್ತಾಗುತ್ತದೆ.

ಬೆರಳಾಗದಿದ್ದರೆ ಒಟಿಪಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಅದು ತೋಟದ ರೈಟರ್ ಕೈಯಲ್ಲಿರುವ ಮೊಬೈಲಿಗೆ ಬರುತ್ತದೆ, ಏಕೆಂದರೆ ಹತ್ತು ವರ್ಷದ ಹಿಂದೆ ಲೈನಿನ ಅರ್ಧ ಜನರ ಆಧಾರ್ ಅರ್ಜಿಗೆ ಕೊಟ್ಟದ್ದು ಅವರದೇ ನಂಬರು. (ಹೊರಗಿನ ಓದುಗರಿಗೆ: ಕೊಡಗಿನಲ್ಲಿ ರೈಟರ್ ಎಂದರೆ ಚೆಕ್‌ರೋಲಿನಲ್ಲಿ ಆಳುಗಳ ಹಾಜರಿ ಬರೆಯುವವರು. ನನ್ನಂಥವರನ್ನು ಇಲ್ಲಿ ಯಾರೂ ರೈಟರ್ ಎನ್ನುವುದಿಲ್ಲ, ನನ್ನ ಬರವಣಿಗೆಯಿಂದ ಯಾರಿಗೂ ಕೂಲಿ ಸಿಗುವುದಿಲ್ಲ.) ಉದ್ಯೋಗ ಖಾತರಿ ಕೆಲಸದಲ್ಲಿ ಕೂಲಿಯವರ ಹಾಜರಿಗೆ ದಿನಕ್ಕೆರಡು ಫೋಟೋ ಕಳಿಸಬೇಕೆಂಬ ಆ್ಯಪ್ ತಂದರಲ್ಲ, ಅದರಲ್ಲಿ ಫೋಟೋದ ಫೋಟೋ ತೆಗೆದು ಕಳಿಸುತ್ತಿದ್ದಾರೆಂದು 2025ರಲ್ಲಿ ಕೇಂದ್ರ ಸಚಿವಾಲಯವೇ ಒಪ್ಪಿಕೊಂಡಿತು. ಕಳ್ಳನು ಆ್ಯಪ್‌ಗಿಂತ ಚುರುಕು. ಸಿಕ್ಕಿಬೀಳುವುದು ಬಡವಿಯ ಬೆರಳು.

ನನ್ನ ಸರದಿ ಬಂತು. ಹೆಬ್ಬೆಟ್ಟಿಟ್ಟೆ. ಒಂದೇ ಸಲಕ್ಕೆ ಹಸಿರು ದೀಪ ಹತ್ತಿತು. 'ನಿಮ್ಮದು ಒಳ್ಳೆ ಗೆರೆ ಸಾರ್, ಸ್ವಲ್ಪವೂ ಸವೆದಿಲ್ಲ' ಎಂದು ಅಂಗಡಿಯವರು ಎಲ್ಲರಿಗೂ ಕೇಳುವಂತೆ ಹೊಗಳಿದರು. ನಲವತ್ತು ವರ್ಷ ಪೆನ್ನು ಹಿಡಿದ ಬೆರಳು ಅದು. ಅಜ್ಜಿ ಅದನ್ನು ಒಮ್ಮೆ ನೋಡಿ, ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಕತ್ತಲಾದರೆ ದಾರಿಯಲ್ಲಿ ಆನೆ ಇರುತ್ತದೆಂದು ಹೇಳಿ ಬೇಗ ಬೇಗ ಇಳಿದು ಹೋದರು.