ಕೂಡಬಾರದ ಕಟ್ಟೆ

ನಿನ್ನೆ ಸಂಜೆ ವಾಚ್‌ಮನ್ ನನಗೆ ಸೀಟಿ ಹೊಡೆದ. ನಾನೇನು ಹುಲ್ಲು ತುಳಿದಿರಲಿಲ್ಲ, ಹೂ ಕಿತ್ತಿರಲಿಲ್ಲ. ಸುಮ್ನೆ ಕಟ್ಟೆ ಮೇಲೆ ಕೂತಿದ್ದೆ. ಕೈಯಲ್ಲಿ ಚುರಮುರಿ, ಪಕ್ಕದಲ್ಲಿ ಬಿಸಿ ಮಿರ್ಚಿ.

ಬಾಗಲಕೋಟೆ ನವನಗರದಾಚೆ ಎದ್ದಿರುವ ನಮ್ಮ ಲೇಔಟ್ ಮಾರಾಟವಾಗಿದ್ದೇ 'ಹಳ್ಳಿ ಸೊಗಡು' ಅನ್ನುವ ಹೆಸರಲ್ಲಿ. ಬಾವಿ ಇದೆ, ನೀರಿಲ್ಲ. ಬಂಡಿ ಇದೆ, ಗಾಲಿಗೆ ಕಾಂಕ್ರೀಟ್ ಹಾಕಿದ್ದಾರೆ. ಕಟ್ಟೆ ನಡುವೆ ಸಿಮೆಂಟಿನ ಆಲದ ಮರ. ಕಾಗೆಯೊಂದು ಎರಡು ದಿನ ಬಂದು ನೋಡಿ, ಬೇಜಾರಾಗಿ ಹೋಯಿತು.

ಅಮೆರಿಕದ ಫ್ಲಾರಿಡಾದಲ್ಲೂ ಡಿಸ್ನಿ ಕಂಪನಿ ಹಳೇ ಕಾಲದ ಪುಟ್ಟ ಊರಿನ ಹಾಗೆ ಸೆಲೆಬ್ರೇಷನ್ ಅಂತ ಒಂದು ಊರು ಕಟ್ಟಿತು. 1996ರಲ್ಲಿ ಜನ ಬಂದರು. ಹಿಮವೇ ಬೀಳದ ಆ ಊರಲ್ಲಿ ಡಿಸೆಂಬರ್ ಸಂಜೆ ಸೋಪಿನ ನೊರೆ ಉದುರಿಸುತ್ತಾರೆ. ಸೋಪೇ ಇರಲಿ, ಮಕ್ಕಳು ಅದರಲ್ಲಿ ಕುಣಿಯಬಹುದಲ್ವಾ!

"ಏಳ್ರಿ ಸರ. ಇಲ್ಲಿ ಕೂಡಂಗಿಲ್ರಿ."

"ಮತ್ತ ಕಟ್ಟಿ ಯಾಕ ಕಟ್ಯಾರ?"

"ಫೋಟೋ ಹೊಡಕೊಳ್ಳಾಕ್ರಿ."

"ನಿಂತು ಹೊಡಕೋಬೇಕೇನು?"

ತಲೆ ಕೆರೆದುಕೊಂಡ. "ಕುಂತೂ ಹೊಡಕೋಬಹುದ್ರಿ. ಹೊಡದ ಮ್ಯಾಲೆ ಏಳಬೇಕ್ರಿ."

ಫೋನ್ ಎತ್ತಿ ಹಿಡಿದೆ. ಒಂದು ಮಿರ್ಚಿ ತಿಂದೆ.

"ಆತೇನ್ರಿ?"

"ಬೆಳಕು ಸರಿ ಬರವಲ್ದು."

ಎರಡನೇ ಮಿರ್ಚಿ. ಅವನು ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು ಕಾದ. ಉಸಿರು ಬಿಟ್ಟಾಗೆಲ್ಲ ಅದು ಸಣ್ಣಗೆ ಕುಂಯ್ ಅನ್ನುತ್ತಿತ್ತು. ನಿಯಮ ನಿಯಮವೇ, ಫೋಟೋ ಇನ್ನೂ ಆಗಿಲ್ಲ.

ಹಳೇ ಊರಲ್ಲಿ ನಮ್ಮ ಓಣಿಗೂ ಒಂದು ಕಟ್ಟೆ ಇತ್ತು. 'ಕಟ್ಟೆ ಎದುರಿನ ಮನೆ' ಅಂದರೆ ಪತ್ರ ಬರುತ್ತಿತ್ತು. ಆಲಮಟ್ಟಿ ಹಿನ್ನೀರಿಗೆ ಓಣಿ ಹೋಯಿತು. ಮನೆಗೆ ಪರಿಹಾರ ಬಂತು. ಕಟ್ಟೆಗೆ ಯಾರ ಹೆಸರಲ್ಲಿ ಚೆಕ್ ಬರೆಯುತ್ತಾರೆ? ಅಪ್ಪನ ಗೆಳೆಯರು ನವನಗರದ ಒಂದೊಂದು ಸೆಕ್ಟರಿಗೆ ಚದುರಿದರು. ಹರಟೆ ಹೊಡೆಯಲು ಅಪ್ಪ ಆಟೋ ಮಾಡಿಕೊಂಡು ಹೋಗುತ್ತಿದ್ದರು. ಹೋಗಿ ಬರುವ ಬಾಡಿಗೆ ನೆನೆಸಿಕೊಂಡು ಅರ್ಧ ಮಾತಿಗೇ ಏಳುತ್ತಿದ್ದರು.

ಮೂರನೇ ಮಿರ್ಚಿ ಎತ್ತಿದಾಗ ವಾಚ್‌ಮನ್ ಸೀಟಿ ತೆಗೆದು ಜೇಬಿಗೆ ಹಾಕಿದ. ಆ ಕಡೆ ಈ ಕಡೆ ನೋಡಿದ.

"ಸರ, ನಂದೂ ಒಂದು ಹೊಡೀರಲಾ."

ಪಕ್ಕದಲ್ಲೇ ಕೂತ. ಮಿರ್ಚಿ ಪೊಟ್ಟಣ ಅವನತ್ತ ಸರಿಸಿದೆ. ಅವನಿಗೂ ಬೆಳಕು ಸರಿ ಬರಲಿಲ್ಲ.